ಊರಿನ ನೇಮ, ಶಾಲೆಯ ಹಾಜರಿ: ದಿನ ಗೊತ್ತುಮಾಡುವಾಗಲೇ ಮಕ್ಕಳ ನೆನಪಿರಲಿ

ಮುಂಬಯಿ: ದೀಪಾವಳಿ ಕಳೆದು ಊರಿನಲ್ಲಿ ಕೋಲ, ನೇಮಗಳ ಋತು ಆರಂಭವಾಯಿತೆಂದರೆ ನಗರ ಹಾಗೂ ಉಪನಗರಗಳ ತುಳು-ಕನ್ನಡಿಗರ ಮನೆಗಳಿಗೆ ಆಮಂತ್ರಣ ಪತ್ರಿಕೆಗಳು ಬರತೊಡಗುತ್ತವೆ. ತರವಾಡು ಮನೆಯ ನೇಮೋತ್ಸವ, ಗ್ರಾಮ ದೇವಸ್ಥಾನದ ಬ್ರಹ್ಮಕಲಶೋತ್ಸವ, ನಾಗಬನದಲ್ಲಿ ಆಶ್ಲೇಷಾ ಬಲಿ, ದಾಯಾದಿಗಳ ಮನೆಯ ಮದುವೆ, ಅಜ್ಜನ ವರ್ಷಾಂತಿಕ, ಹೀಗೆ ಒಂದಾದ ಮೇಲೊಂದು. ಅದೇ ಹೊತ್ತಿಗೆ ಶಾಲೆಗಳ ಕಚೇರಿಗೆ ಬರುವ ರಜಾ ಅರ್ಜಿಗಳೂ ಹೆಚ್ಚುತ್ತವೆ. ಕೆಲವು ಅರ್ಜಿಗಳಲ್ಲಿ ನಿಜ ಕಾರಣ ಇರುತ್ತದೆ. ಇನ್ನು ಕೆಲವರಲ್ಲಿ ಊರಿಗೆ ಹೋಗುವ ಮಗುವಿಗೆ ಕಾಗದದ ಮೇಲೆ ಜ್ವರ ಬರುತ್ತದೆ.

ಮಕ್ಕಳನ್ನು ಶಾಲೆ ಬಿಡಿಸಿ ಊರಿಗೆ ಕರೆದೊಯ್ಯುವುದು ಸರಿಯೇ ಎಂಬ ಚರ್ಚೆ ಸಂಘ-ಸಂಸ್ಥೆಗಳ ಕಾರ್ಯಕ್ರಮಗಳಲ್ಲಿ, ಮಹಿಳಾ ವಿಭಾಗದ ಸಭೆಗಳಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಆಗಾಗ ಕೇಳಿಬರುವಂಥದ್ದೇ. ಹಿರಿಯರು "ನಾಲ್ಕು ದಿನ ಶಾಲೆ ತಪ್ಪಿದರೆ ಏನಾಗುತ್ತದೆ, ದೈವದ ಕೆಲಸ ಅಲ್ಲವೇ" ಎನ್ನುತ್ತಾರೆ. ಮಕ್ಕಳ ತಾಯಂದಿರು "ತಪ್ಪಿದ ಪಾಠ ಬರೆಸುವವರು ಯಾರು" ಎಂದು ಮರುಪ್ರಶ್ನೆ ಹಾಕುತ್ತಾರೆ. ಎರಡೂ ಮಾತಿನಲ್ಲಿ ಹುರುಳಿದೆ. ಆದರೆ ಈ ಚರ್ಚೆ ಸಾಮಾನ್ಯವಾಗಿ ಹೆತ್ತವರ ಶಿಸ್ತಿನ ಬಗ್ಗೆಯೇ ನಡೆದು ಮುಗಿಯುತ್ತದೆ. ಸಮಸ್ಯೆಯ ಮೂಲ ಇರುವುದು ಬೇರೆ ಕಡೆ.

ಒಂದು ಮನೆ, ಮೂರು ಪಂಚಾಂಗ

ಮುಂಬಯಿಯ ಕನ್ನಡಿಗ ಕುಟುಂಬವೊಂದು ಏಕಕಾಲದಲ್ಲಿ ಮೂರು ಪಂಚಾಂಗಗಳಿಗೆ ತಲೆಬಾಗಬೇಕಾಗಿದೆ. ಮೊದಲನೆಯದು ಮಹಾರಾಷ್ಟ್ರದ ಶಾಲಾ ಪಂಚಾಂಗ. 2025ರಲ್ಲಿ ರಾಜ್ಯ ಮಂಡಳಿಯ ಶಾಲೆಗಳಿಗೆ ಮೇ 2ರಿಂದ ಬೇಸಗೆ ರಜೆ ಆರಂಭವಾಗಿ, ವಿದರ್ಭ ಬಿಟ್ಟು ಉಳಿದ ಭಾಗಗಳಲ್ಲಿ ಜೂನ್ 16ಕ್ಕೆ ಶಾಲೆಗಳು ಪುನರಾರಂಭಗೊಂಡವು. ಎರಡನೆಯದು ಕರ್ನಾಟಕದ್ದು. ಅಲ್ಲಿ ಅದೇ ವರ್ಷ ಏಪ್ರಿಲ್ 11ಕ್ಕೇ ರಜೆ ಸಿಕ್ಕಿ ಮೇ 29ಕ್ಕೆ ಶಾಲೆಗಳು ಮತ್ತೆ ತೆರೆದವು. ಕಾಸರಗೋಡಿನ ಕಡೆಯವರಿಗೆ ಕೇರಳದ ಲೆಕ್ಕ. ಅಲ್ಲಿ ಮಾರ್ಚ್ ಕೊನೆಗೆ ಶಾಲೆ ಮುಚ್ಚಿದರೆ ಜೂನ್ ಮೊದಲ ವಾರ ಬಾಗಿಲು ತೆರೆಯುತ್ತದೆ. ಮೂರನೆಯದು ಊರಿನ ದೈವ-ದೇವರ ಪಂಚಾಂಗ. ಇದಕ್ಕೆ ಯಾವ ಶಿಕ್ಷಣ ಇಲಾಖೆಯ ಸುತ್ತೋಲೆಯೂ ಅನ್ವಯಿಸುವುದಿಲ್ಲ.

ಈ ಮೂರನೆಯ ಪಂಚಾಂಗವೇ ಇಲ್ಲಿ ಮುಖ್ಯ. ಕರಾವಳಿಯಲ್ಲಿ ನೇಮ, ಜಾತ್ರೆ, ಯಕ್ಷಗಾನ ಮೇಳಗಳ ತಿರುಗಾಟ ಎಲ್ಲವೂ ಮಳೆಗಾಲ ಕಳೆದ ಮೇಲೆ ಆರಂಭಗೊಂಡು ಪತ್ತನಾಜೆಯಂದು ಮುಕ್ತಾಯಗೊಳ್ಳುತ್ತವೆ. ತುಳುವರ ಬೇಶ ತಿಂಗಳ ಹತ್ತನೇ ದಿನವಾದ ಪತ್ತನಾಜೆ ಬರುವುದು ಮೇ 24ರ ಆಸುಪಾಸಿನಲ್ಲಿ. ಆ ಮೇಲೆ ಗೆಜ್ಜೆ ಬಿಚ್ಚಿದಂತೆ. ಈ ಅವಧಿಯಲ್ಲೂ ಕಾರ್ಯಕ್ರಮಗಳು ಹೆಚ್ಚು ಒತ್ತಾಗಿ ಬರುವುದು ಜನವರಿಯಿಂದ ಏಪ್ರಿಲ್‌ವರೆಗೆ. ಮುಂಬಯಿಯ ಶಾಲೆಗಳಿಗೆ ಅದೇ ಪರೀಕ್ಷೆಯ ಕಾಲ.

ಮೂರು ಪಂಚಾಂಗಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮುಂಬಯಿಯ ಮಗುವಿಗೂ ರಜೆ, ಊರಿನಲ್ಲಿರುವ ಅಣ್ಣ-ತಂಗಿಯರಿಗೂ ರಜೆ, ದೈವದ ಕೆಲಸಕ್ಕೂ ಅಡ್ಡಿ ಇಲ್ಲ ಎಂಬಂಥ ದಿನಗಳು ಬೇಸಗೆಯಲ್ಲಿ ಸಿಗುವುದು ಮೇ ಮೊದಲ ದಿನಗಳಿಂದ ಪತ್ತನಾಜೆವರೆಗೆ, ಹೆಚ್ಚುಕಡಿಮೆ ಮೂರು ವಾರ ಮಾತ್ರ. ಅದೂ ಕೆಲವು ವರ್ಷ ಕುಗ್ಗುತ್ತದೆ. ಅಧಿಕ ಮಾಸದಲ್ಲಿ ಮದುವೆ, ಗೃಹಪ್ರವೇಶ, ಪ್ರತಿಷ್ಠೆಗಳಿಗೆ ಮುಹೂರ್ತ ಇಡುವುದಿಲ್ಲ. 2026ರಲ್ಲಿ ಅಧಿಕ ಜ್ಯೇಷ್ಠ ಮಾಸದ ಅವಧಿ ಮೇ 17ರಿಂದ ಜೂನ್ 15. ಅಂದರೆ ಅದನ್ನು ಪಾಲಿಸುವ ಕುಟುಂಬಗಳಿಗೆ ಮೂರು ವಾರದ ಕಿಂಡಿ ಎರಡು ವಾರಕ್ಕೆ ಇಳಿದಂತಾಯಿತು.

ಮುಂಬಯಿಯಲ್ಲೇ ನೆಲೆಸಿರುವ ಕೊಂಕಣದ ಮರಾಠಿಗರ ಸ್ಥಿತಿಯೊಂದಿಗೆ ಇದನ್ನು ಹೋಲಿಸಬಹುದು. ಅವರಿಗೂ ಗಣಪತಿಗೆ ಊರಿಗೆ ಹೋಗಲೇಬೇಕು. ಆದರೆ ಗಣೇಶೋತ್ಸವ ಇಡೀ ರಾಜ್ಯದ ಹಬ್ಬವಾದ್ದರಿಂದ ಶಾಲೆಗಳಿಗೆ ರಜೆ ಸಿಗುತ್ತದೆ, ರೈಲ್ವೆ ನೂರಾರು ವಿಶೇಷ ಗಾಡಿಗಳನ್ನು ಓಡಿಸುತ್ತದೆ, ಎಸ್‌ಟಿ ಬಸ್ಸುಗಳು ಸಾಲುಗಟ್ಟಿ ಹೊರಡುತ್ತವೆ. ಕೊಂಕಣದವರ ಊರಿನ ಹಬ್ಬ ರಾಜ್ಯದ ಪಂಚಾಂಗದಲ್ಲಿದೆ. ಕಾಪು, ಕಾರ್ಕಳ, ಬಂಟ್ವಾಳ, ಪುತ್ತೂರಿನ ಯಾವುದೋ ಗ್ರಾಮದ ನೇಮ ಮಹಾರಾಷ್ಟ್ರದ ಪಂಚಾಂಗದಲ್ಲಿ ಇರಲು ಸಾಧ್ಯವಿಲ್ಲ. ಇದು ಯಾರ ತಪ್ಪೂ ಅಲ್ಲ. ಹೊರನಾಡಿನಲ್ಲಿ ನೆಲೆಸಿದವರು ತೆರಬೇಕಾದ ಬೆಲೆ. ಆ ಬೆಲೆಯನ್ನು ತೆರುವವರು ಮನೆಯ ಮಕ್ಕಳು ಎಂಬುದಷ್ಟೇ ಆತಂಕದ ವಿಷಯ.

ಪರೀಕ್ಷೆಯ ತಿಂಗಳಲ್ಲೇ ಉತ್ಸವ

2025ರ ಉದಾಹರಣೆಯೊಂದೇ ಸಾಕು. ಕಾಪುವಿನ ಶ್ರೀ ಹೊಸ ಮಾರಿಗುಡಿಯ ಬ್ರಹ್ಮಕಲಶೋತ್ಸವ ಆ ವರ್ಷದ ಫೆಬ್ರವರಿ ಕೊನೆಯ ವಾರದಲ್ಲಿ ಆರಂಭಗೊಂಡು ಮಾರ್ಚ್ ಮೊದಲ ವಾರದವರೆಗೆ ವಿಜೃಂಭಣೆಯಿಂದ ಜರಗಿತು. ಅದೇ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಹನ್ನೆರಡನೇ ತರಗತಿಯ ಪರೀಕ್ಷೆ ಫೆಬ್ರವರಿ 11ರಿಂದಲೂ ಹತ್ತನೇ ತರಗತಿಯ ಪರೀಕ್ಷೆ ಫೆಬ್ರವರಿ 21ರಿಂದಲೂ ನಡೆಯುತ್ತಿದ್ದವು. ಸಿಬಿಎಸ್‌ಇ ಪರೀಕ್ಷೆಗಳು ಫೆಬ್ರವರಿ 15ಕ್ಕೇ ಆರಂಭವಾಗಿದ್ದವು. ಹತ್ತನೇ ಅಥವಾ ಹನ್ನೆರಡನೇ ತರಗತಿಯ ಮಗು ಇರುವ ಮನೆಯವರು ತಾಯಿಯನ್ನು ಮನೆಯಲ್ಲಿ ಬಿಟ್ಟು ತಂದೆಯೊಬ್ಬರೇ ಊರಿಗೆ ಹೋಗುವಂಥ ಹೊಂದಾಣಿಕೆ ಮಾಡಿಕೊಳ್ಳಬೇಕಾಗುತ್ತದೆ. ಉಳಿದ ತರಗತಿಗಳ ಮಕ್ಕಳಿಗೆ ಶಾಲೆ ತಪ್ಪುತ್ತದೆ.

ಎರಡು ವರ್ಷಕ್ಕೊಮ್ಮೆ ಉಡುಪಿಯಲ್ಲಿ ನಡೆಯುವ ಪರ್ಯಾಯೋತ್ಸವ ಜನವರಿ 18ಕ್ಕೆ. 2024ರ ಫೆಬ್ರವರಿ ಕೊನೆಯಲ್ಲಿ ವೇಣೂರಿನಲ್ಲಿ ಬಾಹುಬಲಿ ಸ್ವಾಮಿಯ ಮಹಾಮಸ್ತಕಾಭಿಷೇಕ. ಇಂಥ ದೊಡ್ಡ ಉತ್ಸವಗಳ ದಿನವನ್ನು ಯಾರೂ ಮುಂಬಯಿಯ ಶಾಲೆಗಳಿಗಾಗಿ ಬದಲಿಸಲಾರರು, ಬದಲಿಸಬೇಕಾಗಿಯೂ ಇಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಬರುವುದನ್ನು ನೋಡಲು ಮಗು ಎರಡು ದಿನ ಶಾಲೆ ಬಿಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ. ತೊಂದರೆ ಇರುವುದು ವರ್ಷ ವರ್ಷವೂ, ಒಂದೇ ವರ್ಷದಲ್ಲಿ ಮೂರು ನಾಲ್ಕು ಸಲವೂ ನಡೆಯುವ ಪ್ರಯಾಣಗಳಲ್ಲಿ. ತಂದೆಯ ಕಡೆಯ ನೇಮ, ತಾಯಿಯ ಕಡೆಯ ನೇಮ, ಮೂಲಸ್ಥಾನದ ತಂಬಿಲ, ಎರಡು ಮದುವೆ ಸೇರಿದರೆ ಹದಿನೈದು ದಿನ ಲೆಕ್ಕವಿಲ್ಲದೆ ಹೋಗುತ್ತವೆ.

ಶಾಲೆಗಳ ಕಡೆಯಿಂದಲೂ ಅನಿಶ್ಚಿತತೆ ಇಲ್ಲದಿಲ್ಲ. ರಾಜ್ಯ ಮಂಡಳಿಯ ಹಲವು ಶಾಲೆಗಳು ಏಪ್ರಿಲ್ ಮಧ್ಯದೊಳಗೆ ವಾರ್ಷಿಕ ಪರೀಕ್ಷೆ ಮುಗಿಸುವ ರೂಢಿ ಇತ್ತು. 2025ರಲ್ಲಿ ಒಂದರಿಂದ ಒಂಬತ್ತನೇ ತರಗತಿವರೆಗಿನ ಪರೀಕ್ಷೆಗಳು ರಾಜ್ಯಾದ್ಯಂತ ಏಪ್ರಿಲ್ 8ರಿಂದ 25ರ ನಡುವೆ ಏಕರೂಪವಾಗಿ ನಡೆಯಬೇಕೆಂಬ ವೇಳಾಪಟ್ಟಿ ಮಾರ್ಚ್‌ನಲ್ಲಿ ಹೊರಬಿತ್ತು. ಹಿಂದಿನ ವರ್ಷದ ರೂಢಿಯನ್ನು ನಂಬಿ ಏಪ್ರಿಲ್ ಮೂರನೇ ವಾರಕ್ಕೆ ಊರಿನ ಕಾರ್ಯಕ್ರಮ ಇಟ್ಟುಕೊಂಡವರಿಗೆ ಇದರಿಂದ ಪೀಕಲಾಟವಾಗದೆ ಇರುವುದಿಲ್ಲ. ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳಲ್ಲಂತೂ ಮಾರ್ಚ್ ಕೊನೆ ಅಥವಾ ಏಪ್ರಿಲ್ ಆರಂಭದಲ್ಲೇ ಹೊಸ ತರಗತಿ ಆರಂಭವಾಗುತ್ತದೆ. "ಪರೀಕ್ಷೆ ಮುಗಿಯಿತಲ್ಲ, ಇನ್ನು ಊರಿಗೆ ಹೋಗಬಹುದು" ಎಂದು ಹಿರಿಯರು ಹೇಳುವ ಹೊತ್ತಿಗೆ ಮಗು ಮುಂದಿನ ತರಗತಿಯ ಮೊದಲ ಪಾಠ ಕೇಳುತ್ತಿರಬೇಕಾಗುತ್ತದೆ. ಸಿಬಿಎಸ್‌ಇ 2026ರಿಂದ ಹತ್ತನೇ ತರಗತಿಗೆ ವರ್ಷಕ್ಕೆ ಎರಡು ಪರೀಕ್ಷೆಗಳ ಪದ್ಧತಿ ತಂದಿದ್ದು, ಎರಡನೆಯದು ಮೇ ತಿಂಗಳಿಗೆ ಬರುತ್ತದೆ. ಹನ್ನೆರಡನೇ ತರಗತಿ ಮುಗಿಸಿದವರಿಗೆ ಸಿಇಟಿ, ನೀಟ್‌ಗಳಂಥ ಪ್ರವೇಶ ಪರೀಕ್ಷೆಗಳೂ ಏಪ್ರಿಲ್-ಮೇ ತಿಂಗಳಲ್ಲೇ. ಹಿಂದಿನವರು ಕಂಡ ತುಂಬು ಮೇ ರಜೆ ಮೇಲಿನ ತರಗತಿಯವರಿಗೆ ಈಗ ಉಳಿದಿಲ್ಲ.

ಟಿಕೇಟಿನ ಲೆಕ್ಕ

ಊರಿಗೆ ಹೋಗುವವರೆಲ್ಲ ಉತ್ಸವಕ್ಕಾಗಿಯೇ ಶಾಲೆ ತಪ್ಪಿಸುತ್ತಾರೆ ಎನ್ನುವಂತಿಲ್ಲ. ಟಿಕೇಟು ಸಿಗದೆ ತಪ್ಪಿಸುವವರೂ ಇದ್ದಾರೆ. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಲೋಕಾರ್ಪಣೆಗೊಂಡ ಮೇಲೆ ಘಟ್ಟ ಹತ್ತಿ ಇಳಿದು ಹೋಗುತ್ತಿದ್ದ ಬಸ್ ಪ್ರಯಾಣದ ಬವಣೆ ಕಡಿಮೆಯಾಯಿತು. ಕುರ್ಲಾದಿಂದ ಮತ್ಸ್ಯಗಂಧಾ ಮಧ್ಯಾಹ್ನ ಹೊರಟರೆ ಮರುದಿನ ಬೆಳಗ್ಗೆ ಊರು. ಸಿಎಸ್‌ಎಂಟಿಯಿಂದ ರಾತ್ರಿ ಹೊರಡುವ ಮಂಗಳೂರು ಗಾಡಿಯೂ ಇದೆ. ಆದರೆ ರಜೆ ಸಿಕ್ಕಿದ ವಾರ ಈ ಗಾಡಿಗಳಲ್ಲಿ ಕುಟುಂಬವೊಂದಕ್ಕೆ ನಾಲ್ಕು ಬರ್ತ್ ಒಟ್ಟಿಗೆ ಸಿಗುವುದೆಂದರೆ ಲಾಟರಿ ಹೊಡೆದಂತೆಯೇ ಸರಿ.

2024ರ ನವೆಂಬರ್ 1ರಿಂದ ರೈಲ್ವೆಯ ಮುಂಗಡ ಕಾದಿರಿಸುವಿಕೆಯ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ಮೇ ಆರಂಭದ ಪ್ರಯಾಣಕ್ಕೆ ಮೊದಲು ಜನವರಿಯಲ್ಲೇ ಟಿಕೇಟು ಕಾದಿರಿಸುತ್ತಿದ್ದವರು ಈಗ ಮಾರ್ಚ್ ಆರಂಭದವರೆಗೆ ಕಾಯಬೇಕು. ಇದರಲ್ಲಿ ಒಂದು ಅನುಕೂಲವೂ ಉಂಟು, ಶಾಲೆಯ ಪರೀಕ್ಷೆಯ ದಿನಾಂಕ ತಿಳಿದ ಮೇಲೆ ಟಿಕೇಟು ತೆಗೆಯಬಹುದು. ಅನನುಕೂಲವೆಂದರೆ ಎಲ್ಲರೂ ಅದೇ ಬೆಳಗ್ಗೆ, ಅದೇ ಎಂಟು ಗಂಟೆಗೆ ಮುಗಿಬೀಳುತ್ತಾರೆ. ಸಿಗದಿದ್ದವರ ಮುಂದಿರುವ ದಾರಿ ಎರಡು. ಒಂದೋ ಹೆಚ್ಚಿನ ದರ ತೆತ್ತು ಖಾಸಗಿ ಬಸ್ಸು ಅಥವಾ ವಿಮಾನ ಹಿಡಿಯಬೇಕು, ಇಲ್ಲವೇ ರಜೆಗೆ ನಾಲ್ಕು ದಿನ ಮೊದಲೇ ಹೊರಡಬೇಕು.

ಇಲ್ಲಿ ಬಡವ-ಬಲ್ಲಿದರ ಅಂತರ ಎದ್ದು ಕಾಣುತ್ತದೆ. ವಿಮಾನದ ದರ ಭರಿಸಬಲ್ಲವರು ಶನಿವಾರ ಹೋಗಿ ರವಿವಾರ ರಾತ್ರಿ ಮರಳಬಹುದು, ಮಗುವಿಗೆ ಒಂದು ದಿನವೂ ಶಾಲೆ ತಪ್ಪದು. ಹೋಟೆಲಿನಲ್ಲಿ ದುಡಿಯುವವರ, ಸಣ್ಣ ಕ್ಯಾಂಟೀನು ನಡೆಸುವವರ ಕುಟುಂಬ ರೈಲಿನಲ್ಲಿ ಹೋಗಿ ಅದೇ ರವಿವಾರದ ನೇಮ ಮುಗಿಸಿ ಬರುವಷ್ಟರಲ್ಲಿ ಶುಕ್ರವಾರವೋ ಸೋಮವಾರವೋ ಕೈತಪ್ಪುತ್ತದೆ. ಆದ್ದರಿಂದ ಶಾಲೆ ತಪ್ಪಿಸುವವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ದಿನ ತಮ್ಮ ಕೈಯಲ್ಲಿಲ್ಲದ ದೈವಕಾರ್ಯಕ್ಕೆ ಹೋಗುವವರು ಬೇರೆ, ಟಿಕೇಟು ಸಿಗದೆ ಮೊದಲೇ ಹೊರಡುವವರು ಬೇರೆ, ಜನಜಂಗುಳಿ ಕಡಿಮೆ ಎಂದು ಫೆಬ್ರವರಿಯಲ್ಲಿ ಗೋವಾಕ್ಕೋ ದುಬಾೖಗೋ ಹೋಗುವವರು ಬೇರೆ.

ನಿಯಮ ಹೇಳುವುದೇನು

2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ದಿನ, ಆರರಿಂದ ಎಂಟನೇ ತರಗತಿವರೆಗೆ 220 ದಿನ ಶಾಲೆ ನಡೆಯಬೇಕು. ಸಿಬಿಎಸ್‌ಇ ಮಂಡಳಿಯ ಪರೀಕ್ಷೆಗೆ ಕುಳಿತುಕೊಳ್ಳಲು 75 ಶೇಕಡ ಹಾಜರಿ ಕಡ್ಡಾಯ. ಗಂಭೀರ ಕಾಯಿಲೆಯಂಥ ಕಾರಣಗಳಿಗೆ ಮಾತ್ರ, ಅದೂ ದಾಖಲೆಗಳೊಂದಿಗೆ, ವಿನಾಯಿತಿ ಕೇಳಬಹುದು. ಕುಟುಂಬದ ಪ್ರಯಾಣ ಆ ಪಟ್ಟಿಯಲ್ಲಿಲ್ಲ.

220 ದಿನದಲ್ಲಿ 75 ಶೇಕಡ ಎಂದರೆ 165 ದಿನ. ಹಾಗಾದರೆ 55 ದಿನ ತಪ್ಪಿಸಲು ಅವಕಾಶ ಉಂಟಲ್ಲ ಎಂದು ಲೆಕ್ಕ ಹಾಕುವವರೂ ಇದ್ದಾರೆ. ಆದರೆ ಅದು ಖರ್ಚು ಮಾಡಲು ಕೊಟ್ಟ ಹಣವಲ್ಲ, ಆಪತ್ಕಾಲಕ್ಕೆ ಇಟ್ಟ ಗಂಟು. ಮಲೇರಿಯ, ಡೆಂಗ್ಯೂ ಬಂದರೆ ಹತ್ತು ಹದಿನೈದು ದಿನ ಹೋಗುತ್ತದೆ. ಮಳೆಯಿಂದಾಗಿ ಪಾಠದ ದಿನಗಳೂ ಕಡಿಮೆಯಾಗುತ್ತವೆ, 2025ರ ಆಗಸ್ಟ್ 19ರಂದು ನಗರದ ಶಾಲೆಗಳಿಗೆ ರಜೆ ಸಾರಲಾಗಿದ್ದುದು ಎಲ್ಲರಿಗೂ ನೆನಪಿರಬಹುದು. ಇನ್ನೊಂದು ಮಾತು. ಎಂಟನೇ ತರಗತಿವರೆಗೆ ಯಾರನ್ನೂ ಅನುತ್ತೀರ್ಣಗೊಳಿಸುವುದಿಲ್ಲ ಎಂಬ ನಂಬಿಕೆ ಹಳೆಯದಾಯಿತು. ಮಹಾರಾಷ್ಟ್ರ 2023ರಲ್ಲಿ ನಿಯಮ ಬದಲಿಸಿ ಐದನೇ ಮತ್ತು ಎಂಟನೇ ತರಗತಿಗೆ ವಾರ್ಷಿಕ ಪರೀಕ್ಷೆಯನ್ನು ಮರಳಿ ತಂದಿದೆ. ಮರುಪರೀಕ್ಷೆಯಲ್ಲೂ ಉತ್ತೀರ್ಣರಾಗದವರು ಅದೇ ತರಗತಿಯಲ್ಲಿ ಉಳಿಯಬೇಕಾಗುತ್ತದೆ.

ಹಾಗೆಂದು ನಮ್ಮಲ್ಲಿ ರಜೆ ಮಾಡಿಸಿದ ಹೆತ್ತವರಿಗೆ ದಂಡ ವಿಧಿಸುವ ಕಾನೂನಿಲ್ಲ. ವಿದೇಶಗಳಲ್ಲಿ ಪರಿಸ್ಥಿತಿ ಬೇರೆ. ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ತಂದೆಯೊಬ್ಬರು 2015ರ ಏಪ್ರಿಲ್‌ನಲ್ಲಿ ಮಗಳನ್ನು ಏಳು ಶಾಲಾ ದಿನ ಬಿಡಿಸಿ ಅಮೆರಿಕ ಪ್ರವಾಸಕ್ಕೆ ಕರೆದೊಯ್ದರು. 60 ಪೌಂಡ್ ದಂಡ ಕಟ್ಟಲು ನಿರಾಕರಿಸಿ ನ್ಯಾಯಾಲಯಕ್ಕೆ ಹೋದರು. ಮಗಳ ಒಟ್ಟು ಹಾಜರಿ 90 ಶೇಕಡಕ್ಕಿಂತ ಹೆಚ್ಚಿದೆ ಎಂಬ ಅವರ ವಾದ ಕೆಳಗಿನ ನ್ಯಾಯಾಲಯಗಳಲ್ಲಿ ಗೆದ್ದರೂ, 2017ರ ಏಪ್ರಿಲ್ 6ರಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಶಾಲೆಯ ನಿಯಮದಂತೆ ಬರುವುದೇ ಕ್ರಮಬದ್ಧ ಹಾಜರಿ ಎಂದು ತೀರ್ಪಿತ್ತಿತು. 2024ರ ಆಗಸ್ಟ್‌ನಿಂದ ಅಲ್ಲಿ ಈ ದಂಡ 80 ಪೌಂಡ್‌ಗೆ ಏರಿದೆ, 21 ದಿನದೊಳಗೆ ಕಟ್ಟದಿದ್ದರೆ 160. ಜರ್ಮನಿಯ ಬವೇರಿಯಾ ರಾಜ್ಯದಲ್ಲಿ 2018ರ ಮೇ ತಿಂಗಳಲ್ಲಿ ರಜೆಗೆ ಮೊದಲೇ ಮಕ್ಕಳೊಂದಿಗೆ ಹೊರಟಿದ್ದ ಕುಟುಂಬಗಳನ್ನು ಪೊಲೀಸರು ವಿಮಾನ ನಿಲ್ದಾಣದಲ್ಲೇ ವಿಚಾರಿಸಿದ ಸುದ್ದಿ ಜಗತ್ತಿನಾದ್ಯಂತ ಚರ್ಚೆಯಾಗಿತ್ತು. ಅಂಥ ಕಟ್ಟುನಿಟ್ಟು ನಮಗೆ ಬೇಕಿಲ್ಲ. ದಂಡ ಹಾಕಿದರೆ ಹೊರೆ ಬೀಳುವುದು ರೈಲಿನಲ್ಲಿ ಹೋಗುವವರ ಮೇಲೆಯೇ ಹೊರತು, ವಿಮಾನದಲ್ಲಿ ಹೋಗುವವರ ಮೇಲಲ್ಲ.

ಕಳೆದುಕೊಳ್ಳುವುದು, ಗಳಿಸುವುದು

ಎರಡನೇ ತರಗತಿಯ ಮಗು ಮೂರು ದಿನ ಶಾಲೆ ಬಿಟ್ಟರೆ ತಾಯಿ ಎರಡು ಸಂಜೆ ಕುಳಿತು ಸರಿಪಡಿಸಬಹುದು. ಎಂಟು, ಒಂಬತ್ತನೇ ತರಗತಿಯಲ್ಲಿ ಹಾಗಲ್ಲ. ಬೀಜಗಣಿತದ ಒಂದು ಅಧ್ಯಾಯದ ಮೊದಲ ಎರಡು ಪಾಠ ತಪ್ಪಿದರೆ ಉಳಿದ ಪಾಠಗಳಲ್ಲಿ ಕುಳಿತೂ ಪ್ರಯೋಜನವಿಲ್ಲ. ಖಾಸಗಿ ಟ್ಯೂಷನ್ ಇರುವ ಮಗು ಅದನ್ನು ತುಂಬಿಕೊಳ್ಳುತ್ತದೆ, ಟ್ಯೂಷನ್ ಇಲ್ಲದ ಮಗು ಹಿಂದೆ ಬೀಳುತ್ತದೆ. ಸುಳ್ಳು ಕಾರಣದ ರಜಾ ಅರ್ಜಿಯ ವಿಚಾರವೂ ಸಣ್ಣದಲ್ಲ. ಶಿಕ್ಷಕಿ ಕೇಳಿದರೆ ಜ್ವರ ಇತ್ತು ಎನ್ನು ಎಂದು ಮಗುವಿಗೆ ಹೇಳಿಕೊಟ್ಟು, ಸತ್ಯ ನುಡಿಯುವ ದೈವದ ಎದುರು ಅದೇ ಮಗುವಿನ ಕೈಮುಗಿಸುವುದು ಯಾವ ನ್ಯಾಯ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಇನ್ನೊಂದು ತಟ್ಟೆಯಲ್ಲಿರುವುದೂ ಹಗುರವಲ್ಲ. ಮುಂಬಯಿಯ ಮೂರನೇ ತಲೆಮಾರಿನ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಆಟದ ಬಯಲಿನಲ್ಲಿ ಹಿಂದಿ-ಮರಾಠಿ ಮಾತನಾಡಿ ಬೆಳೆಯುವವರು. ಮಹಾನಗರ ಪಾಲಿಕೆಯ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಕುಸಿಯುತ್ತಾ ಬಂದಿರುವುದು ಎಲ್ಲರಿಗೂ ಗೊತ್ತು. ಇಂಥ ಮಗುವಿಗೆ ಮಾವ, ಬಾವ, ದೊಡ್ಡಪ್ಪ, ಚಿಕ್ಕಮ್ಮ ಎಂಬ ಸಂಬಂಧಗಳು ಶಬ್ದಗಳಾಗಿ ಉಳಿಯದೆ ಮನುಷ್ಯರಾಗಿ ಕಾಣಿಸುವುದು ಊರಿನ ಚಪ್ಪರದಡಿಯಲ್ಲಿ ಮಾತ್ರ. ಗಂಧ ಯಾರು ಕೊಡುತ್ತಾರೆ, ಬೂಳ್ಯ ಯಾರಿಗೆ ಸಲ್ಲುತ್ತದೆ, ತಮ್ಮ ಮನೆತನದವರು ಎಲ್ಲಿ ನಿಲ್ಲಬೇಕು ಎಂಬುದನ್ನು ಯಾವ ಪಠ್ಯಪುಸ್ತಕವೂ ಕಲಿಸದು. ತಾಯಿ-ತಂದೆ ಇಬ್ಬರೂ ದುಡಿಯುವ ಇಂದಿನ ದಿನಗಳಲ್ಲಿ ಹಿಂದಿನಂತೆ ಒಂದೂವರೆ ತಿಂಗಳು ಅಜ್ಜಿಮನೆಯಲ್ಲಿ ಬಿಡುವುದೂ ಅಸಾಧ್ಯವಾಗಿದೆ. ಆದ್ದರಿಂದ ಊರಿಗೆ ಹೋಗಲೇಬೇಡಿ ಎನ್ನುವುದು ಪರಿಹಾರವಲ್ಲ.

ಗಡಿಯಾಚೆಯ ಇನ್ನೊಂದು ಚಿತ್ರ

ಮುಂಬಯಿ, ಠಾಣೆ, ನವಿಮುಂಬಯಿಗಳ ಕನ್ನಡಿಗರೆಂದರೆ ಕರಾವಳಿಯವರು ಮಾತ್ರವಲ್ಲ. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಬಂದು ಕಟ್ಟಡ ಕೆಲಸದಲ್ಲಿ, ರಸ್ತೆ ಕೆಲಸದಲ್ಲಿ ದುಡಿಯುವ ಸಹಸ್ರಾರು ಕುಟುಂಬಗಳಿವೆ. ಇವರೂ ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ, ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ, ಹೋಳಿ ಕಳೆದ ಮೇಲೆ ಕಲಬುರಗಿಯ ಶರಣಬಸವೇಶ್ವರರ ತೇರಿಗೆ ಊರಿಗೆ ಹೋಗುತ್ತಾರೆ. ಜಾತ್ರೆಯ ಜೊತೆಗೆ ಹೊಲದ ಕೆಲಸವೂ ಸೇರಿಕೊಳ್ಳುತ್ತದೆ. ಹೋದವರು ನಾಲ್ಕು ದಿನಕ್ಕೆ ಮರಳುವುದಿಲ್ಲ, ಕೆಲವೊಮ್ಮೆ ತಿಂಗಳಾಗುತ್ತದೆ. ಮರಳಿ ಬಂದಾಗ ಮಗುವಿಗೆ ತರಗತಿಯಲ್ಲಿ ಏನೂ ಅರ್ಥವಾಗದೆ ಶಾಲೆಯೇ ನಿಂತುಹೋಗುವ ಅಪಾಯ ಉಂಟು.

ಕರಾವಳಿಯವರ ಮಗುವಿಗೆ ಶಾಲೆ ತಪ್ಪಿದರೆ ಅಂಕ ಕಡಿಮೆಯಾಗಬಹುದು. ಈ ಮಕ್ಕಳಿಗೆ ಶಾಲೆಯೇ ಕೈತಪ್ಪಬಹುದು. ಶಿಕ್ಷಣ ಹಕ್ಕು ಕಾಯಿದೆಯಂತೆ ಮಗು ಬೇರೆ ಊರಿಗೆ ಹೋದಾಗ ಅಲ್ಲಿನ ಸರಕಾರಿ ಅಥವಾ ಅನುದಾನಿತ ಶಾಲೆಗೆ ಸೇರುವ ಹಕ್ಕಿದೆ. ವರ್ಗಾವಣೆ ಪತ್ರ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಶಾಲೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಈ ಮಾಹಿತಿಯನ್ನು ಕಾರ್ಮಿಕರ ವಸತಿಗಳಿಗೆ ಕನ್ನಡದಲ್ಲಿ ಮುಟ್ಟಿಸುವ ಕೆಲಸವನ್ನು ಕನ್ನಡ ಸಂಘಗಳಲ್ಲದೆ ಬೇರೆ ಯಾರು ಮಾಡಬೇಕು?

ಸಂಘಗಳ ಕೈಯಲ್ಲೇ ಇದೆ ಬೀಗದ ಕೈ

ಮುಂಬಯಿ ಕನ್ನಡಿಗರಿಗೆ ಶಾಲೆಯ ಬೆಲೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯ ಬೆಂಚಿನಲ್ಲಿ ಕುಳಿತು ಕಲಿತವರ ಸಮುದಾಯವಿದು. 1902ರಲ್ಲಿ ಸ್ಥಾಪನೆಗೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿತು. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿ, ಪೊವಾಯಿಯಲ್ಲಿ ಬಂಟರ ಸಂಘದ ಎಸ್. ಎಂ. ಶೆಟ್ಟಿ ಶಿಕ್ಷಣ ಸಂಸ್ಥೆಗಳು, ಹೀಗೆ ಶಾಲೆ ಕಟ್ಟಿದ ಪರಂಪರೆ ನಮ್ಮದು. ಜುಲೈ-ಆಗಸ್ಟ್ ಬಂತೆಂದರೆ ಸಂಘ-ಸಂಸ್ಥೆಗಳ ವೇದಿಕೆಗಳಲ್ಲಿ ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ, ಪುಸ್ತಕ ವಿತರಣೆಯ ಸಾಲು. ಆದರೆ ಜೂನ್ ತಿಂಗಳಲ್ಲಿ 90 ಶೇಕಡ ಅಂಕ ಗಳಿಸಿದವರಿಗೆ ಶಾಲು ಹೊದೆಸುವ ಮಂದಿಯೇ ಫೆಬ್ರವರಿಯಲ್ಲಿ ಊರಿನ ಬ್ರಹ್ಮಕಲಶಕ್ಕೆ ಕುಟುಂಬ ಸಮೇತರಾಗಿ ಬನ್ನಿ ಎಂದು ಕರೆ ಕೊಡುತ್ತಾರೆ. ಎರಡರಲ್ಲೂ ಸದುದ್ದೇಶವೇ ಇದೆ, ಆದರೆ ಎರಡೂ ಒಂದಕ್ಕೊಂದು ಎದುರಾಗಿವೆ ಎಂಬುದನ್ನು ಯಾರೂ ಗಮನಿಸಿದಂತಿಲ್ಲ.

ಊರಿನ ದೇವಸ್ಥಾನ, ದೈವಸ್ಥಾನಗಳ ಜೀರ್ಣೋದ್ಧಾರದಲ್ಲಿ ಮುಂಬಯಿಯವರ ದೇಣಿಗೆ ದೊಡ್ಡದು. ಪ್ರತಿಯೊಂದು ಜೀರ್ಣೋದ್ಧಾರಕ್ಕೂ ಒಂದು ಮುಂಬಯಿ ಸಮಿತಿ, ಅದಕ್ಕೊಬ್ಬ ಗೌರವಾಧ್ಯಕ್ಷರು, ಕಾರ್ಯಾಧ್ಯಕ್ಷರು ಇರುತ್ತಾರೆ. ದಿನ ಗೊತ್ತುಮಾಡುವ ಸಭೆಯಲ್ಲಿ ಅವರ ಮಾತಿಗೆ ಬೆಲೆ ಇದೆ. ವಿಮಾನದ ಅನುಕೂಲ, ಮುಖ್ಯ ಅತಿಥಿಗಳ ಅನುಕೂಲ ವಿಚಾರಿಸುವ ಆ ಸಭೆಯಲ್ಲಿ ಮಕ್ಕಳ ಪರೀಕ್ಷೆಯ ಪಟ್ಟಿಯನ್ನು ಯಾರಾದರೂ ಮೇಜಿನ ಮೇಲಿಟ್ಟರೆ ಸಾಕು, ಅರ್ಧ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಶಾಲೆಯ ಪಂಚಾಂಗ ಬದಲಿಸುವ ಶಕ್ತಿ ನಮಗಿಲ್ಲ. ಊರಿನ ಕಾರ್ಯಕ್ರಮದ ದಿನ ಹೇಳುವಲ್ಲಿ ನಮಗೊಂದು ಸ್ಥಾನವಿದೆ.

ಎಲ್ಲವನ್ನೂ ಮೇ ತಿಂಗಳಿಗೆ ತಳ್ಳಲಾಗದು ಎಂಬುದೂ ನಿಜ. ಮೇ ತಿಂಗಳಲ್ಲಿ ಬಾವಿಗಳು ಬತ್ತುತ್ತವೆ, ಸಾವಿರಾರು ಮಂದಿಯ ಅನ್ನಸಂತರ್ಪಣೆಗೆ ನೀರು ಹೊಂದಿಸುವುದು ಸುಲಭವಲ್ಲ. ಮಳೆಯ ಭಯವೂ ಇದೆ. 2025ರಲ್ಲಿ ಮೇ 26ಕ್ಕೇ ಮುಂಗಾರು ಮುಂಬಯಿ ತಲುಪಿತು, ಊರಿನಲ್ಲಿ ಅದಕ್ಕೂ ಮೊದಲೇ ಮಳೆ ಸುರಿಯಿತು. ತಲೆತಲಾಂತರದಿಂದ ಸಂಕ್ರಮಣಕ್ಕೋ ಹುಣ್ಣಿಮೆಗೋ ನಿಗದಿಯಾದ ನೇಮದ ದಿನವನ್ನು ಮುಟ್ಟುವಂತೆಯೂ ಇಲ್ಲ. ಆದರೆ ಕುಟುಂಬದವರು ಕುಳಿತು ದಿನ ಇಡುವ ತರವಾಡು ನೇಮ, ಹರಕೆಯ ಕೋಲ, ನಾಗನ ಸೇವೆ, ಗೃಹಪ್ರವೇಶಗಳಿಗೆ ಮೇ ಮೊದಲ ಪಕ್ಷ, ದೀಪಾವಳಿ ರಜೆಯ ಕೊನೆಯ ದಿನಗಳು, ಕ್ರಿಸ್ಮಸ್ ರಜೆ ಕೊಡುವ ಶಾಲೆಗಳವರಿಗೆ ಡಿಸೆಂಬರ್ ಕೊನೆಯ ವಾರ ಆಯ್ಕೆಗಿವೆ. ರವಿವಾರಕ್ಕೆ ಹೊಂದಿಕೊಂಡ ಸರಕಾರಿ ರಜೆಗಳೂ ಇವೆ. ತಂತ್ರಿಗಳ ಬಳಿ ಹೋಗುವಾಗಲೇ ಈ ಪಟ್ಟಿ ಒಯ್ದರೆ ಅವರು ಇದರೊಳಗೇ ಮುಹೂರ್ತ ಹುಡುಕಿ ಕೊಡಬಲ್ಲರು.

ಸಂಘ-ಸಂಸ್ಥೆಗಳು ಮಾಡಬಹುದಾದ ಸಣ್ಣ ಕೆಲಸಗಳು ಇನ್ನೂ ಇವೆ. ಸಂಘದ ಕ್ಯಾಲೆಂಡರುಗಳಲ್ಲಿ ಸಂಕಷ್ಟಿ, ಏಕಾದಶಿಗಳ ಜೊತೆಗೆ ಎರಡೂ ರಾಜ್ಯಗಳ ಶಾಲಾ ರಜೆ, ಮಂಡಳಿ ಪರೀಕ್ಷೆಗಳ ದಿನಾಂಕ ತಿಳಿದಷ್ಟನ್ನು ಮುದ್ರಿಸಬಹುದು. ಮೇ ರಜೆಯ ವಿಶೇಷ ರೈಲುಗಳನ್ನು ರೈಲ್ವೆಯವರು ಕೊನೆಯ ಗಳಿಗೆಯಲ್ಲಿ ಪ್ರಕಟಿಸದೆ ಮಾರ್ಚ್‌ನಲ್ಲೇ ಪ್ರಕಟಿಸಬೇಕೆಂದು ಒಟ್ಟಾಗಿ ಮನವಿ ಸಲ್ಲಿಸಬಹುದು. ಊರಿನಿಂದ ಮರಳಿದ ಮಕ್ಕಳಿಗೆ ತಪ್ಪಿದ ಪಾಠ ಹೇಳಿಕೊಡಲು ಸಂಘದ ಸಭಾಗೃಹದಲ್ಲಿ ರವಿವಾರ ಎರಡು ತಾಸು ತರಗತಿ ನಡೆಸುವುದಕ್ಕೆ ಸಮಾಜದಲ್ಲಿರುವ ನಿವೃತ್ತ ಶಿಕ್ಷಕರು ಇಲ್ಲವೆನ್ನಲಾರರು.

ಹೆತ್ತವರ ಪಾಲಿಗೂ ಕರ್ತವ್ಯಗಳಿವೆ. ಶಾಲೆಗೆ ನಿಜ ಕಾರಣ ಬರೆದು ಮುಂಚಿತವಾಗಿ ತಿಳಿಸಿದರೆ ಒಪ್ಪುವ ಮುಖ್ಯೋಪಾಧ್ಯಾಯರು ಇದ್ದೇ ಇದ್ದಾರೆ. ಮಗುವಿನ ವಯಸ್ಸು, ತರಗತಿ ನೋಡಿ ವರ್ಷಕ್ಕೆ ಇಂತಿಷ್ಟೇ ದಿನ ಎಂದು ಮನೆಯಲ್ಲೇ ಮಿತಿ ಹಾಕಿಕೊಳ್ಳಬಹುದು. ಒಂಬತ್ತನೇ ತರಗತಿಯಿಂದ ಮೇಲಿನವರಿಗೆ "ಈ ಬಾರಿ ನೀನು ಬರಬೇಕಾಗಿಲ್ಲ, ದೈವ ಮುನಿಯುವುದಿಲ್ಲ" ಎಂದು ಕುಟುಂಬದ ಯಜಮಾನರೇ ಬಾಯಿ ಬಿಟ್ಟು ಹೇಳಿದರೆ, ಮಗುವಿಗೂ ತಾಯಿಗೂ ಅದಕ್ಕಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ. ಬಾರದವರ ಬಗ್ಗೆ ಚಪ್ಪರದಡಿ ಆಡುವ ಚುಚ್ಚು ಮಾತಿಗೆ ಹೆದರಿಯೇ ಎಷ್ಟೋ ಮಂದಿ ಪರೀಕ್ಷೆಯ ವಾರದಲ್ಲೂ ಮಕ್ಕಳನ್ನು ಕರೆದುಕೊಂಡು ಹೊರಡುತ್ತಾರೆ.

ಮುಂದಿನ ಋತುವಿನ ಕಾರ್ಯಕ್ರಮಗಳ ದಿನಾಂಕ ನಿಶ್ಚಯಿಸಲು ಮಹಾಸಭೆಗಳು, ಕುಟುಂಬಿಕರ ಸಭೆಗಳು ಸಾಮಾನ್ಯವಾಗಿ ಮಳೆಗಾಲದಲ್ಲೇ ಜರಗುತ್ತವೆ. ಆ ಸಭೆಗಳ ಕಾರ್ಯಸೂಚಿಯಲ್ಲಿ ಮಕ್ಕಳ ಶಾಲೆಗೂ ಒಂದು ಸಾಲು ಮೀಸಲಿಡಬೇಕು. ಆಮಂತ್ರಣ ಪತ್ರಿಕೆ ಅಚ್ಚಾಗಿ ಕೈಸೇರಿದ ಮೇಲೆ ಶಾಲೆಯೋ ನೇಮವೋ ಎಂದು ಮನೆಮನೆಯಲ್ಲಿ ನಡೆಯುವ ಜಗಳದಲ್ಲಿ ಯಾರು ಗೆದ್ದರೂ ನಷ್ಟ ಮಗುವಿನದೇ.